ನನ್ನ ಟೈಟಾನಿಯಂ ಬಿಲ್ಲೆಗಳಿಗೆ ಕೈಜೋಡಿಸಿದವರಿಗೆ

ಕಳೆದ ವಾರ ನನ್ನ ಪಿಎಚ್‌ಡಿ ವೈವಾ, ಅಂದರೆ ಮೌಖಿಕ ಪರೀಕ್ಷೆ, ಮುಗಿಯಿತು. ಮುರಿದ ಮೂಳೆಗೆ ಹಾಕುವ ಲೋಹಕ್ಕೆ ಸೋಂಕು ತಗಲದಂತೆ ಮಾಡುವುದು ಹೇಗೆ ಅನ್ನುವುದು ನನ್ನ ವಿಷಯ. ಪ್ರಬಂಧದ ಆರಂಭದಲ್ಲಿ ಒಂದೂವರೆ ಪುಟ ಕೃತಜ್ಞತೆ ಬರೆದಿದ್ದೇನೆ, ಇಂಗ್ಲಿಷಿನಲ್ಲಿ. ಅದರಲ್ಲಿರುವ ಎಷ್ಟೋ ಜನ ಅದನ್ನು ಓದಲಾರರು. ಇದು ಅವರಿಗಾಗಿ.

ಮೊದಲು ಅಪ್ಪ. ಸಾಗರದ ಕಡೆಯ ನಮ್ಮೂರಲ್ಲಿ ಅಪ್ಪ ಕೊನೆಗಾರ, ಅಡಿಕೆ ಮರ ಹತ್ತಿ ಕೊನೆ ಇಳಿಸುವವನು. ನಾನು ಪಿಯುಸಿಯಲ್ಲಿದ್ದಾಗ, ಆಷಾಢದ ಮಳೆ ಒಂದಿಷ್ಟು ಹೊಳವಾದ ಬೆಳಿಗ್ಗೆ, ಕೊಳೆ ರೋಗಕ್ಕೆ ಮೈಲುತುತ್ತದ ಔಷಧಿ ಹೊಡೆಯಲು ಅಡಿಕೆ ಮರ ಹತ್ತಿದವನು ಜಾರಿ ಬಿದ್ದ. ತೊಡೆಯ ಮೂಳೆ ಮುರಿಯಿತು. ರಾಡ್ ಹಾಕಿದರು. ಮೂರು ವಾರಕ್ಕೆ ಗಾಯ ಕೀವಾಯಿತು. ಇಂಜೆಕ್ಷನ್ ಕೊಟ್ಟಾಗ ಇಳಿಯುವುದು, ನಿಲ್ಲಿಸಿದರೆ ಮತ್ತೆ ಸೋರುವುದು. ಕೊನೆಗೆ ರಾಡನ್ನೇ ತೆಗೆದು, ಮೂಳೆ ಕೂಡಿಸುವಷ್ಟರಲ್ಲಿ ಎರಡು ವರ್ಷ ಕಳೆದಿತ್ತು. ಅಪ್ಪನ ಎಡಗಾಲು ಈಗಲೂ ಗಿಡ್ಡ.

ಆಗ ವಾರ್ಡಿನಲ್ಲಿದ್ದ ಒಬ್ಬ ಕಿರಿಯ ಡಾಕ್ಟರು, ರಾತ್ರಿ ಡ್ಯೂಟಿಯ ನಡುವೆ ನಿಂತು ನನಗೆ ಹೇಳಿದ್ದರು: ಬ್ಯಾಕ್ಟೀರಿಯಾ ಲೋಹಕ್ಕೆ ಅಂಟಿಕೊಂಡು ಮೇಲೊಂದು ಲೋಳೆ ಹೊದ್ದುಕೊಳ್ಳುತ್ತವೆ, ಔಷಧಿ ಆ ಲೋಳೆಯೊಳಗೆ ಸರಿಯಾಗಿ ಇಳಿಯುವುದಿಲ್ಲ. ಹತ್ತು ನಿಮಿಷದ ಮಾತು. ನನ್ನ ಆರು ವರ್ಷದ ಸಂಶೋಧನೆ ಅಲ್ಲಿಂದ ಶುರುವಾಯಿತು. ಅವರ ಹೆಸರು ಕೇಳಿಟ್ಟುಕೊಳ್ಳಲಿಲ್ಲ ಅನ್ನುವ ನೋವು ನನಗಿದೆ.

ನಾನು ಮಾಡಿದ್ದೇನು ಅಂತ ಊರಿನವರು ಕೇಳುತ್ತಾರೆ. 1952ರಲ್ಲಿ ಸ್ವೀಡನ್ನಿನ ಲುಂಡ್‌ನಲ್ಲಿ ಬ್ರೋನೆಮಾರ್ಕ್ ಎಂಬ ವೈದ್ಯರು ಮೊಲದ ಕಾಲಿನ ಮೂಳೆಯಲ್ಲಿ ಟೈಟಾನಿಯಂ ಕೊಳವೆಯೊಂದನ್ನು ಕೂರಿಸಿ ರಕ್ತದ ಹರಿವನ್ನು ನೋಡುತ್ತಿದ್ದರು. ಆಮೇಲೆ ತೆಗೆಯಹೋದರೆ ಅದು ಬರಲೇ ಇಲ್ಲ, ಮೂಳೆ ಅದಕ್ಕೆ ಕಚ್ಚಿಕೊಂಡು ಬೆಳೆದಿತ್ತು. 1965ರಲ್ಲಿ ಅವರು ಅದೇ ಲೋಹವನ್ನು ಮನುಷ್ಯನ ದವಡೆಗೆ ಹಾಕಿದರು. ಮೂಳೆಯ ಕೋಶಗಳು ಆ ಲೋಹವನ್ನು ಇನ್ನೂ ಬೇಗ, ಬ್ಯಾಕ್ಟೀರಿಯಾಗಳಿಗಿಂತ ಮೊದಲು ಹಿಡಿಯುವಂತೆ ಮೇಲ್ಮೈಯನ್ನು ಬದಲಿಸಬಹುದೇ ಅನ್ನುವುದು ನನ್ನ ಪ್ರಶ್ನೆ. ಟೈಟಾನಿಯಂ ಬಿಲ್ಲೆಯನ್ನು ತೆಳು ಹೈಡ್ರೋಫ್ಲೋರಿಕ್ ಆಮ್ಲದಲ್ಲಿಟ್ಟು ಕರೆಂಟ್ ಹರಿಸಿದರೆ ಅದರ ಮೇಲೆ ಜೇನುಗೂಡಿನಂತೆ ಸಣ್ಣ ಸಣ್ಣ ಕೊಳವೆಗಳು ಏಳುತ್ತವೆ. ವೋಲ್ಟ್ ಏರಿಸಿದಷ್ಟೂ ಬಾಯಿ ಅಗಲ. 20 ವೋಲ್ಟಿನಲ್ಲಿ ಹೆಚ್ಚುಕಡಿಮೆ 100 ನ್ಯಾನೊಮೀಟರ್, ಅಂದರೆ ತಲೆಗೂದಲಿನ ದಪ್ಪದ ಸಾವಿರದಲ್ಲಿ ಒಂದು ಪಾಲಿನಷ್ಟು. ಕೋಶಗಳು ಇಂಥ ಉಬ್ಬುತಗ್ಗನ್ನು ತಡವಿ ಗುರುತಿಸುತ್ತವೆ. ನಮ್ಮ ಮೂಳೆಯ ಖನಿಜದ ಹರಳುಗಳೂ ನ್ಯಾನೊಮೀಟರ್ ಅಳತೆಯವೇ ಅಲ್ಲವೇ?

ಆ ಬಿಲ್ಲೆಗಳನ್ನು ಕತ್ತರಿಸಿಕೊಟ್ಟವರು ಪೀಣ್ಯದ ಒಂದು ಲೇತ್ ಶಾಪಿನ ಯಜಮಾನರು. ಟೈಟಾನಿಯಂ ಕಾವನ್ನು ಬಿಟ್ಟುಕೊಡದ ಲೋಹ, ಟೂಲಿನ ಮೊನೆ ಬೇಗ ಹೋಗುತ್ತದೆ, ಸಣ್ಣ ಸಿಬಿರು ಹೊತ್ತಿಕೊಳ್ಳುವುದೂ ಉಂಟು. ಹನ್ನೆರಡು ಮಿಲಿಮೀಟರಿನ ಮುನ್ನೂರು ಬಿಲ್ಲೆಗೆ ಅವರು ತೆಗೆದುಕೊಂಡ ಕೂಲಿ ಟೂಲಿನ ಖರ್ಚಿಗೂ ಸಾಲದು. "ಓದೋ ಮಗು ಹತ್ರ ಏನ್ ಲೆಕ್ಕ ತಾಯಿ" ಅಂದರು. ಆಮೇಲೆ, ನಾನು ಆಮ್ಲ ಕೇಳಿದಾಗಲೆಲ್ಲ ಮೊದಲು ಆ ಆಮ್ಲದ ಸುಟ್ಟಗಾಯಕ್ಕೆ ಹಚ್ಚುವ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್‌ನ ಟ್ಯೂಬನ್ನು ಮೇಜಿನ ಮೇಲಿಟ್ಟು, ನನ್ನ ಗ್ಲೌಸ್ ನೋಡಿ, ಅನಂತರವೇ ಬಾಟಲಿ ಕೊಡುತ್ತಿದ್ದ ಸ್ಟೋರಿನ ಅಣ್ಣ. ಆ ಆಮ್ಲ ತಾಗಿದ ತಕ್ಷಣ ಉರಿಯದೆಯೂ ಒಳಗಿಳಿಯಬಲ್ಲದು. ನನ್ನ ಬೆರಳುಗಳು ಹತ್ತೂ ನೆಟ್ಟಗಿವೆ ಅಣ್ಣಾ.

ಇನ್ನು ಕೋಶಗಳನ್ನು ಬೆಳೆಸುವ ಸೆಲ್ ಕಲ್ಚರ್ ಲ್ಯಾಬಿನ ಅಕ್ಕ. ಮೂರನೇ ವರ್ಷ ಎಂಟು ತಿಂಗಳು ನನ್ನ ಬಿಲ್ಲೆಗಳ ಮೇಲೆ ಕೋಶಗಳು ಸಾಯುತ್ತಲೇ ಇದ್ದವು. ಹಾಸ್ಟೆಲಿನಲ್ಲಿ ಟ್ರಂಕ್ ಕಟ್ಟಿಟ್ಟಿದ್ದೆ. ಒಂದು ಸಂಜೆ ಅಕ್ಕ, ಮೀಡಿಯಂ ಅನ್ನುವ ಆಹಾರದ್ರವದಲ್ಲಿ ಕೋಶಗಳಿದ್ದ ನನ್ನ ಪ್ಲೇಟನ್ನು ಬೆಳಕಿಗೆ ಹಿಡಿದು, "ಸೋಂಕಾಗಿದ್ರೆ ಮೀಡಿಯಂ ಮಸುಕಾಗಿ ಹಳದಿಗೆ ತಿರುಗಬೇಕಿತ್ತು, ಇದು ತಿಳಿಯಾಗಿ ಕೆಂಪಗೇ ಇದೆ. ಬಿಲ್ಲೆಯಿಂದಲೇ ಏನೋ ಬಿಡ್ತಾ ಇದೆ ನೋಡು" ಅಂದರು. ಬಿಲ್ಲೆಯನ್ನು ಒಂದು ದಿನ ನೆನೆಸಿಟ್ಟ ಮೀಡಿಯಂ ಅನ್ನಷ್ಟೇ ಆರೋಗ್ಯವಾಗಿದ್ದ ಕೋಶಗಳಿಗೆ ಹಾಕಿಸಿದರು. ಮರುದಿನಕ್ಕೆ ಅವೂ ಸತ್ತವು. ಆಮ್ಲದಿಂದ ಬಂದು ಕೊಳವೆಗಳೊಳಗೆ ಉಳಿದ ಫ್ಲೋರೈಡ್ ಸೋರುತ್ತಿತ್ತು. ಆತುರಕ್ಕೆ ನಾನು ಕುಲುಮೆಯ ಹಂತವನ್ನು ಬಿಟ್ಟಿದ್ದೆ, ತೊಳೆದದ್ದೂ ಸಾಲದಾಗಿತ್ತು. ಚೆನ್ನಾಗಿ ತೊಳೆದು, 450 ಡಿಗ್ರಿಯಲ್ಲಿ ಕಾಯಿಸಿದ ಬಿಲ್ಲೆಗಳ ಮೇಲೆ ಕೋಶಗಳು ಮೊದಲ ಸಲ ಕಾಲು ಚಾಚಿ ಕೂತದ್ದನ್ನು ನೋಡಿ ನಾವಿಬ್ಬರೂ ಅತ್ತೆವು. ಅಕ್ಕ ಗುತ್ತಿಗೆ ನೌಕರಿಯವರು. ಪ್ರಕಟವಾದ ಲೇಖನದಲ್ಲಿ ಅವರ ಹೆಸರು ಇರಲೇಬೇಕೆಂದು ಪಟ್ಟು ಹಿಡಿದ ನನ್ನ ಗೈಡ್ ಮೇಡಂಗೆ ಆ ಒಂದು ಕಾರಣಕ್ಕೇ ಸಾವಿರ ಸಲ ಕೈಮುಗಿಯುತ್ತೇನೆ.

ಹೆಸರೇ ಗೊತ್ತಿಲ್ಲದ ಒಬ್ಬನಿಗೂ ಕೃತಜ್ಞತೆ ಹೇಳಬೇಕು. ನಾನು ಬಳಸಿದ ಮೂಳೆ ಕೋಶಗಳ ಸಾಲಿಗೆ, ಅಂದರೆ ಒಬ್ಬರಿಂದ ತೆಗೆದು ಲ್ಯಾಬಿನಲ್ಲಿ ಬೆಳೆಸುತ್ತಲೇ ಬಂದ ಕೋಶಗಳಿಗೆ, ಎಂಜಿ-63 ಅಂತ ಹೆಸರು. 1977ರಲ್ಲಿ ಅದರ ಬಗ್ಗೆ ಲೇಖನ ಬಂತು. ಆ ಕೋಶಗಳು ಬಂದದ್ದು ಮೂಳೆ ಕ್ಯಾನ್ಸರ್ ಇದ್ದ 14 ವರ್ಷದ ಹುಡುಗನೊಬ್ಬನಿಂದ. ಅವನ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ. ಆರು ವರ್ಷ ಎರಡು ಮೂರು ದಿನಕ್ಕೊಮ್ಮೆ ಆ ಕೋಶಗಳಿಗೆ ಆಹಾರ ಬದಲಿಸಿದ್ದೇನೆ, ದೀಪಾವಳಿಯ ದಿನವೂ. ಮಗೂ, ನಿನ್ನ ಋಣ ನನ್ನ ಮೇಲಿದೆ.

ನನ್ನ ಬಿಲ್ಲೆ ಇನ್ನೂ ಯಾರ ಮೈಯೊಳಗೂ ಹೋಗಿಲ್ಲ. ಪ್ರಾಣಿಗಳಲ್ಲಿ ಪರೀಕ್ಷೆ ಆಗಬೇಕು, ಮೂಳೆಗೆ ಸ್ಕ್ರೂ ತಿರುಗಿಸುವಾಗ ಕೊಳವೆಗಳ ಆ ಪದರ ಕಿತ್ತುಬರದೆ ನಿಲ್ಲುತ್ತದೆಯೇ ನೋಡಬೇಕು. ವರ್ಷಗಳ ಕೆಲಸ.

ವೈವಾ ಮುಗಿಸಿ ಊರಿಗೆ ಹೋದಾಗ ಒಂದು ಬಿಲ್ಲೆಯನ್ನು ಅಪ್ಪನ ಅಂಗೈಗೆ ಹಾಕಿದೆ. ಕೋಶಗಳು ಮೊದಲು ಜಾಗ ಹಿಡಿದರೆ ಬ್ಯಾಕ್ಟೀರಿಯಾಗೆ ಎಡೆ ಸಿಗುವುದಿಲ್ಲ, 1987ರಲ್ಲಿ ಗ್ರಿಸ್ಟಿನಾ ಎಂಬ ವೈದ್ಯರು ಇದನ್ನು ಮೇಲ್ಮೈಗಾಗಿ ನಡೆಯುವ ಓಟ ಅಂದರು ಅಂತೆಲ್ಲ ವಿವರಿಸಿದೆ. ಅಪ್ಪ ಬಿಲ್ಲೆಯನ್ನು ತಿರುಗಿಸಿ ನೋಡುತ್ತ ಹೇಳಿದ: "ಮೈಲುತುತ್ತದ ಹಾಗೇ ಅನ್ನು ಮಗಾ. ಕೊಳೆ ಬರೋದ್ರೊಳಗೆ ಅಡಿಕೆಕೊನೆಗೆ ಔಷಧಿ ಹತ್ತಿರಬೇಕು. ಬಂದಮೇಲೆ ಹೊಡೆದು ಏನು ಮಾಡ್ತೀಯ?"

ಬಿಲ್ಲೆ ಈಗ ದೇವರ ಗೂಡಿನಲ್ಲಿದೆ. ಅಮ್ಮ ಕುಂಕುಮ ಹಚ್ಚಿಟ್ಟಿದ್ದಾಳೆ.