ಚಾಥಮ್‌ನಲ್ಲಿ ನಿಂತಿದ್ದ ಹುಡುಗ

ಶಿರಸಿ

ಚಿ. ಮೇಧಾಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ನಾವು ಕ್ಷೇಮ. ನೀನೂ ಕ್ಷೇಮವೆಂದು ಅಮ್ಮನಿಂದ ತಿಳಿಯಿತು. ಹನ್ನೊಂದು ದಿನಗಳಿಂದ ನಿನ್ನ ಫೋನು ಅಮ್ಮನಿಗೆ ಮಾತ್ರ ಬರುತ್ತಿರುವುದರಿಂದ ಈ ಪತ್ರ ಬರೆಯುತ್ತಿದ್ದೇನೆ. ಆ ಭಾನುವಾರ ರಾತ್ರಿ ಯಾರು ಏನೆಂದರು ಎಂಬುದು ನಮ್ಮಿಬ್ಬರಿಗೂ ನೆನಪಿದೆ, ಅದನ್ನು ಮತ್ತೆ ಬರೆಯುವುದಿಲ್ಲ. ಮಾತಿನ ನಡುವೆ ಫೋನ್ ಇಟ್ಟವನು ನಾನು. ಮೂವತ್ತೆರಡು ವರ್ಷ ಊರ ಮಕ್ಕಳಿಗೆಲ್ಲ ಇತಿಹಾಸ ಪಾಠ ಹೇಳಿದವನಿಗೆ ಸ್ವಂತ ಮಗಳ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆ ಇರಲಿಲ್ಲ. ತಪ್ಪಾಯಿತು.

ಲಂಡನ್ನಿನ ಟ್ರಫಾಲ್ಗರ್ ಚೌಕದಲ್ಲಿ ಪುಟ್ಟ ಕೆಡೆಟ್‌ಗಳ ಕವಾಯತು ನೋಡಿ ಬಂದ ನೀನು ಕೇಳಿದ ಪ್ರಶ್ನೆ ನ್ಯಾಯವಾದದ್ದೇ ಆಗಿತ್ತು. ಗುಲಾಮರನ್ನು ಇಟ್ಟುಕೊಂಡವರ ಪರ ನಿಂತ ಮನುಷ್ಯನನ್ನು ಐವತ್ತು ಮೀಟರಿಗೂ ಮಿಕ್ಕಿದ ಕಂಬದ ಮೇಲೆ ಇನ್ನೂ ಏಕೆ ನಿಲ್ಲಿಸಿಕೊಂಡಿದ್ದಾರೆ ಎಂದು ಕೇಳಿದೆ. ಆ ಮನುಷ್ಯ, ಇಂಗ್ಲೆಂಡಿನ ನೌಕಾಸೇನಾಪತಿ ನೆಲ್ಸನ್, ತನ್ನ ವಿಕ್ಟರಿ ಹಡಗಿನಿಂದಲೇ 1805ರ ಜೂನ್‌ನಲ್ಲಿ ಜಮೈಕಾದ ತೋಟದ ಧಣಿಯೊಬ್ಬನಿಗೆ ಬರೆದ ಪತ್ರವನ್ನು ನಾನೂ ಓದಿದ್ದೇನೆ. ಗುಲಾಮರ ವ್ಯಾಪಾರವನ್ನು ನಿಲ್ಲಿಸಬೇಕೆಂದು ಹೋರಾಡುತ್ತಿದ್ದ ವಿಲ್ಬರ್‌ಫೋರ್ಸ್‌ನನ್ನು ಅದರಲ್ಲಿ ಆತ ಹಳಿದಿದ್ದಾನೆ. ಬಾರ್ಬಡೋಸ್‌ನ ಜನ 1813ರಿಂದ ತಮ್ಮ ರಾಜಧಾನಿಯಲ್ಲಿ ನಿಂತಿದ್ದ ಆತನ ಪ್ರತಿಮೆಯನ್ನು 2020ರ ನವೆಂಬರ್‌ನಲ್ಲಿ ಇಳಿಸಿದರು. ಅವರ ಅಜ್ಜ ಮುತ್ತಜ್ಜಂದಿರ ಬೆನ್ನಿನ ಮೇಲೆ ಬಾಸುಂಡೆ ಎದ್ದ ನೆಲ ಅದು. ಅಲ್ಲಿ ಯಾರು ನಿಲ್ಲಬೇಕು, ಯಾರು ನಿಲ್ಲಬಾರದು ಎಂದು ಶಿರಸಿಯಲ್ಲಿ ಕುಳಿತ ನಾನು ಹೇಳುವಂತಿಲ್ಲ.

ನಿನಗೆ ಗೊತ್ತಿಲ್ಲದ ಇನ್ನೊಂದನ್ನೂ ಹೇಳಬೇಕು. 1799ರಲ್ಲಿ ಇಟಲಿಯ ನೇಪಲ್ಸ್‌ನ ರಾಜನ ವಿರುದ್ಧ ನಿಂತಿದ್ದ ಕರಾಚ್ಚೊಲೊ ಎಂಬ ನೌಕಾಧಿಕಾರಿಯನ್ನು, ರಾಜನ ಪರ ನಿಂತಿದ್ದ ನೆಲ್ಸನ್‌ನ ಹಡಗಿಗೆ ಹಿಡಿದು ತಂದರು. ಒಂದೇ ದಿನದಲ್ಲಿ ವಿಚಾರಣೆ, ತೀರ್ಪು ಎರಡೂ ಮುಗಿದು ಆತನನ್ನು ನೇಪಲ್ಸ್‌ನದೇ ಇನ್ನೊಂದು ಹಡಗಿನ ಅಡ್ಡಮರಕ್ಕೆ ನೇಣು ಹಾಕಲಾಯಿತು. ನೇಣು ಬೇಡ, ಸಿಪಾಯಿಯಂತೆ ಗುಂಡಿಗೆ ಎದೆಕೊಟ್ಟು ಸಾಯುತ್ತೇನೆ ಎಂಬ ಆತನ ಕೋರಿಕೆಯನ್ನು ನೆಲ್ಸನ್ ನಡೆಸಿಕೊಡಲಿಲ್ಲ. ಇದನ್ನು ತಿಳಿದಿದ್ದೂ ನಾನು ಒಂದು ವರ್ಷವೂ ತರಗತಿಯಲ್ಲಿ ಹೇಳಲಿಲ್ಲ. ಟೆನರೀಫ್‌ನಲ್ಲಿ ಬಲಗೈ ಹೋದದ್ದು, ಕಾರ್ಸಿಕಾದಲ್ಲಿ ಬಲಗಣ್ಣಿನ ದೃಷ್ಟಿ ಹೋದದ್ದು, ಕೋಪನ್‌ಹೇಗನ್‌ನಲ್ಲಿ ಹಿಂದೆ ಸರಿಯುವ ಆಜ್ಞೆಯನ್ನು ಕುರುಡುಗಣ್ಣಿಗೆ ದುರ್ಬೀನು ಹಿಡಿದು ನೋಡಿ ಕಾಣಲಿಲ್ಲವೆಂದದ್ದು, ಇವನ್ನೆಲ್ಲ ಹೇಳುವಾಗ ಮಕ್ಕಳ ಕಣ್ಣು ಅರಳುತ್ತಿತ್ತು, ಅದನ್ನು ಕೆಡಿಸಲು ನನಗೆ ಮನಸ್ಸಾಗುತ್ತಿರಲಿಲ್ಲ. ನಿನಗೂ ಹಾಗೆಯೇ ಹೇಳಿ ಬೆಳೆಸಿದೆ. ನಾನು ಮುಚ್ಚಿಟ್ಟದ್ದನ್ನು ನೀನು ಅಲ್ಲಿ ನಿಂತು ನೀನಾಗಿಯೇ ಹುಡುಕಿ ಕೇಳಿದ್ದು ನನಗೆ ಹೆಮ್ಮೆಯ ಸಂಗತಿ ಎಂದು ಆ ರಾತ್ರಿಯೇ ಹೇಳಬೇಕಿತ್ತು.

ಹಾಗಾದರೆ ಅಷ್ಟು ಸಿಟ್ಟೇಕೆ ಬಂತು ಎಂದು ಹನ್ನೊಂದು ದಿನ ಯೋಚಿಸಿದ್ದೇನೆ. ಕಂಬದ ಮೇಲಿನ ಮನುಷ್ಯನಿಗಾಗಿ ನನಗೆ ಸಿಟ್ಟು ಬರಲಿಲ್ಲ. ನನ್ನ ಮನಸ್ಸಿನಲ್ಲಿ ಇರುವುದು ಹನ್ನೆರಡು ವರ್ಷದ ಒಬ್ಬ ಹುಡುಗ.

ಆ ಹುಡುಗನೂ ನೆಲ್ಸನ್ನನೇ. ಇಂಗ್ಲೆಂಡಿನ ನಾರ್ಫೋಕ್‌ನ ಬರ್ನಮ್ ಥಾರ್ಪ್ ಎಂಬ ಸಣ್ಣ ಊರಿನ ಪಾದ್ರಿಯ ಮಗ ಆತ, ಒಂಬತ್ತನೆಯ ವಯಸ್ಸಿನಲ್ಲಿ ತಾಯಿಯನ್ನು ಕಳೆದುಕೊಂಡಿದ್ದ. ಸೋದರಮಾವ ಮಾರಿಸ್ ಸಕ್ಲಿಂಗ್ ಹಡಗೊಂದರ ಕಪ್ತಾನನಾಗಿದ್ದ. 1771ರಲ್ಲಿ ತಂದೆ ಮಗನನ್ನು ಲಂಡನ್ನಿಗೆ ಕರೆತಂದು, ಅಲ್ಲಿಂದ ಆ ಹಡಗು ನಿಂತಿದ್ದ ಚಾಥಮ್ ಬಂದರಿಗೆ ಹೋಗುವ ಕುದುರೆಗಾಡಿಗೆ ಹತ್ತಿಸಿ ಹಿಂದಿರುಗಿದ. ಹುಡುಗ ಚಳಿಯಲ್ಲಿ ಇಳಿದಾಗ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಹಡಗು ದೂರದಲ್ಲಿ ಕಾಣುತ್ತಿದ್ದರೂ ಅಲ್ಲಿಗೆ ಹೋಗುವ ಬಗೆ ತಿಳಿಯದೆ ಅಲೆಯುತ್ತಿದ್ದವನನ್ನು ಅಧಿಕಾರಿಯೊಬ್ಬ ಗಮನಿಸಿ, ಮಾತನಾಡಿಸಿ, ಮನೆಗೆ ಕರೆದೊಯ್ದು ತಿನ್ನಲು ಕೊಟ್ಟ. ಕೊನೆಗೆ ಹಡಗು ಹತ್ತಿದರೆ ಅಲ್ಲಿ ಮಾವನೂ ಇರಲಿಲ್ಲ. ಇಂಥ ಹುಡುಗ ಬರುತ್ತಾನೆಂಬುದು ಯಾರಿಗೂ ತಿಳಿದಿರಲಿಲ್ಲ. ಆ ದಿನವಿಡೀ ಆತ ಡೆಕ್ಕಿನ ಮೇಲೆ ಅತ್ತಿಂದಿತ್ತ ಒಬ್ಬನೇ ನಡೆದಾಡಿದನೆಂದೂ, ಮರುದಿನ ಯಾರೋ ಕನಿಕರಪಟ್ಟು ಮಾತನಾಡಿಸಿದರೆಂದೂ ಆತನ ಹಳೆಯ ಜೀವನಚರಿತ್ರೆಗಳಲ್ಲಿ ಓದಿದ್ದೇನೆ.

ಸೆಪ್ಟೆಂಬರಿನಲ್ಲಿ ನೀನು ಲಂಡನ್ನಿನಲ್ಲಿ ಇಳಿದಾಗ, ಕರೆದೊಯ್ಯಬೇಕಿದ್ದವರು ಬಾರದೆ, ನಾಲ್ಕು ಗಂಟೆ ಪೆಟ್ಟಿಗೆಗಳ ಮೇಲೆ ಕೈಯಿಟ್ಟು ಕುಳಿತಿದ್ದೆಯಂತೆ. ಅದನ್ನು ನೀನು ನನಗೆ ಹೇಳಲಿಲ್ಲ. ಮೂರು ವಾರದ ಮೇಲೆ ಅಮ್ಮನಿಗೆ ನಗುತ್ತಾ ಹೇಳಿದೆ. ಆ ರಾತ್ರಿಯಿಂದ ನಾನು ಕಣ್ಣು ಮುಚ್ಚಿದರೆ ಆ ಹುಡುಗ ಡೆಕ್ಕಿನ ಮೇಲೆ ನಡೆದಾಡುತ್ತಾನೆ. ಬೆಂಗಳೂರಿನ ವಿಮಾನ ನಿಲ್ದಾಣದ ಗಾಜಿನ ಬಾಗಿಲಿನಿಂದ ನಾನು ತಿರುಗಿ ಬಂದಂತೆಯೇ ಅವನ ತಂದೆಯೂ ತಿರುಗಿ ಹೋಗಿರಬೇಕು, ದಾರಿಯುದ್ದಕ್ಕೂ ಮಗ ತಲುಪಿದನೆಂದೇ ತಿಳಿದಿರಬೇಕು. ಗಾಡಿ ನಿಲ್ಲುವಲ್ಲಿ ಯಾರಾದರೂ ಬರುತ್ತಾರೆಯೇ ಎಂದು ಆತ ಒಂದು ಮಾತು ಕೇಳಬಹುದಿತ್ತು. ನಾನೂ ಕೇಳಬಹುದಿತ್ತು. ಹುಡುಗ ಇಡೀ ದಿನ ಏನು ತಿಂದ, ಎಲ್ಲಿ ಕುಳಿತ, ಯಾರನ್ನಾದರೂ ಏನಾದರೂ ಕೇಳಿದನೇ ಎಂದು ಎಷ್ಟೋ ಸಲ ನನ್ನಷ್ಟಕ್ಕೆ ಕೇಳಿಕೊಂಡಿದ್ದೇನೆ, ಅದು ನಿನ್ನ ವಿಷಯವೇ ಎಂದು ಈಗ ಬರೆಯುವಾಗ ತಿಳಿಯುತ್ತಿದೆ. ನೀನು ಕಂಬವನ್ನು ಕೆಡವಬೇಕೆಂದಾಗ ನನಗೆ ಆ ಹುಡುಗನನ್ನೇ ದೂಡಿದಂತೆ ಕೇಳಿಸಿತು.

ಸಮುದ್ರ ಆತನಿಗೆ ಒಗ್ಗಲೇ ಇಲ್ಲ. ಜೋರಾಗಿ ಗಾಳಿ ಬೀಸಿದಾಗಲೆಲ್ಲ ಕೊನೆಯವರೆಗೂ ಹೊಟ್ಟೆ ತೊಳಸುತ್ತಿತ್ತು. ಹದಿನೇಳನೆಯ ವಯಸ್ಸಿನಲ್ಲಿ ನಮ್ಮ ಕಡಲಲ್ಲೇ ಜ್ವರ ಹಿಡಿದು, ಮುಂಬಯಿಯಿಂದ ಸಾಯುವ ಸ್ಥಿತಿಯಲ್ಲಿ ಡಾಲ್ಫಿನ್ ಎಂಬ ಹಡಗಿನಲ್ಲಿ ಊರಿಗೆ ಸಾಗಿಸಿದ್ದರು. ನಿನಗೂ ಚಳಿ ಆಗದು. ಸ್ವೆಟರು ಹಾಕಿಕೊಳ್ಳದೆ ಹೊರಗೆ ಹೋಗಬೇಡ, ರಾತ್ರಿ ಅನ್ನ ಬಿಡಬೇಡ.

ಆತನಿಗೂ ಒಬ್ಬಳು ಮಗಳಿದ್ದಳು, ಹೊರೇಷಿಯಾ. ಫ್ರಾನ್ಸ್, ಸ್ಪೇನ್‌ಗಳ ನೌಕಾಪಡೆಯೊಂದಿಗಿನ ಟ್ರಫಾಲ್ಗರ್ ಕದನಕ್ಕೆ ಎರಡು ದಿನ ಮೊದಲು, 1805ರ ಅಕ್ಟೋಬರ್ 19ರಂದು, ನಾಲ್ಕು ವರ್ಷದ ಆ ಮಗುವಿಗೆ ಎಡಗೈಯಲ್ಲಿ ಪತ್ರ ಬರೆದ. 21ರ ಬೆಳಿಗ್ಗೆ, ಶತ್ರುಗಳ 33 ಹಡಗುಗಳು ಕಣ್ಣೆದುರು ಸಾಲುಗಟ್ಟಿರುವಾಗ, ಉಯಿಲಿಗೆ ಇನ್ನೊಂದು ಬರಹ ಸೇರಿಸಿ, ಮದುವೆಯಾಗದೆ ಒಲಿದಿದ್ದ, ಮಗುವಿನ ತಾಯಿ ಎಮ್ಮಾ ಹ್ಯಾಮಿಲ್ಟನ್‌ಳನ್ನೂ ಮಗಳನ್ನೂ ದೇಶ ನೋಡಿಕೊಳ್ಳಬೇಕೆಂದು ಕೋರಿದ. ತನಗಾಗಿ ಬೇರೇನನ್ನೂ ಕೇಳಲಿಲ್ಲ. ಮಧ್ಯಾಹ್ನ ಎಡಭುಜಕ್ಕೆ ಗುಂಡು ಬಿತ್ತು, ಸಂಜೆ ನಾಲ್ಕೂವರೆಗೆ ಪ್ರಾಣ ಹೋಯಿತು.

ದೇಶ ಏನು ಮಾಡಿತು ನೋಡು. 1806ರ ಜನವರಿ 9ರಂದು ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನಲ್ಲಿ ರಾಜಮರ್ಯಾದೆಯ ಅಂತ್ಯಕ್ರಿಯೆ ನಡೆಯಿತು, ಎಮ್ಮಾಳಿಗೆ ಕರೆಯೇ ಹೋಗಲಿಲ್ಲ. ಪಾದ್ರಿಯಾಗಿದ್ದ ಅಣ್ಣ ವಿಲಿಯಮ್‌ಗೆ ಅರ್ಲ್ ಪದವಿಯೂ ವರ್ಷಕ್ಕೆ 5000 ಪೌಂಡುಗಳ ವೇತನವೂ ದೊರೆತವು. ಎಮ್ಮಾ ಸಾಲ ತೀರಿಸಲಾಗದೆ 1813ರಲ್ಲಿ ಬಂಧನಕ್ಕೊಳಗಾದಳು, ಮಗು ಜೊತೆಯಲ್ಲೇ ಇತ್ತು. 1815ರ ಜನವರಿಯಲ್ಲಿ ಫ್ರಾನ್ಸಿನ ಕ್ಯಾಲೆಯಲ್ಲಿ ಬಡತನದಲ್ಲಿ ಆಕೆ ಸತ್ತಾಗ ಹೊರೇಷಿಯಾಳಿಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ. ಎಮ್ಮಾಳ ಖರ್ಚಿನ ಕೈಯೂ ಅದಕ್ಕೆ ಕಾರಣ ಎಂಬುದು ನಿಜ, ಆದ್ದರಿಂದಲೇ ಹೇಳುತ್ತೇನೆ, ಕ್ರೆಡಿಟ್ ಕಾರ್ಡಿನ ಬಾಕಿಯನ್ನು ತಿಂಗಳ ಗಡಿ ದಾಟಲು ಬಿಡಬೇಡ, ಬ್ಯಾಂಕಿನ ಸಾಲದ ಕಂತಿಗೆ ಕಷ್ಟವಾದರೆ ಮೊದಲು ನನಗೆ ಹೇಳು, ಗೆಳತಿಯರ ಬಳಿ ಕೈಸಾಲ ಮಾಡಬೇಡ. ನೀನು ತಿಳಿದವಳು, ಆದರೂ ಬರೆಯುತ್ತೇನೆ.

ಕಂಬದ ಮೇಲೆ ಪ್ರತಿಮೆ ಏರಿದ್ದು 1843ರಲ್ಲಿ. ಆಗ ಹೊರೇಷಿಯಾ ಕೆಂಟ್‌ನ ಟೆಂಟರ್ಡನ್ನಿನಲ್ಲಿ ಪಾದ್ರಿಯೊಬ್ಬರ ಹೆಂಡತಿಯಾಗಿ, ಹಲವು ಮಕ್ಕಳ ತಾಯಿಯಾಗಿ ಬದುಕಿದ್ದಳು. ಆತ ಕೇಳಿದ್ದನ್ನು ಕೊಡದೆ, ಕೇಳದ ಕಂಬವನ್ನು ಕಟ್ಟಿದರು. ಕಂಬದ ಬಗ್ಗೆ ನನ್ನ ತಕರಾರು ಇಷ್ಟು, ನಿನ್ನದು ಬೇರೆ, ಎರಡೂ ಇರಲಿ. ಅಂತ್ಯಕ್ರಿಯೆಯ ದಿನ ಶವಪೆಟ್ಟಿಗೆಯೊಂದಿಗೆ ಇಳಿಸಬೇಕಿದ್ದ ವಿಕ್ಟರಿಯ ಧ್ವಜವನ್ನು ಆ ಹಡಗಿನ ನಾವಿಕರು ಅಲ್ಲೇ ಹರಿದು, ಒಬ್ಬೊಬ್ಬರೂ ಒಂದೊಂದು ಚೂರನ್ನು ಅಂಗಿಯೊಳಗೆ ಸೇರಿಸಿಕೊಂಡರು. ನನ್ನ ಪಾಲಿಗೆ ನಿಜವಾದ ಸ್ಮಾರಕ ಆ ಬಟ್ಟೆಯ ಚೂರು. ಅದನ್ನು ಇಟ್ಟುಕೊಂಡವರು ಆತನ ಜೊತೆ ಒಂದೇ ಹಡಗಿನಲ್ಲಿ ಗುಂಡಿನ ಹೊಗೆ ಕುಡಿದವರು.

ಒಂದು ಕೋರಿಕೆ ಇದೆ, ಮನಸ್ಸಾದರೆ ನಡೆಸಿಕೊಡು. ಗ್ರೀನಿಚ್‌ನ ಸಾಗರ ವಸ್ತುಸಂಗ್ರಹಾಲಯದಲ್ಲಿ ಆ ದಿನ ಆತ ತೊಟ್ಟಿದ್ದ ನೀಲಿ ಕೋಟು ಇದೆ. ಎಡಭುಜದ ಹತ್ತಿರ ಗುಂಡು ತೂರಿದ ತೂತು ಕಾಣುತ್ತದೆ. ಚಿತ್ರದಲ್ಲಿ ನೋಡಿದಾಗ ಅದು ಎಷ್ಟು ಸಣ್ಣ ತೂತು ಎಂದು ನನಗೆ ಆಶ್ಚರ್ಯವಾಗಿತ್ತು. ಕಂಬದ ಮೇಲೆ ಬಾನಿಗೆ ಅಂಟಿಕೊಂಡಂತೆ ನಿಂತವನ ಮೈ ಎಷ್ಟು ಸಣ್ಣದಿತ್ತು ಎಂಬುದು ಕೋಟಿನ ಎದುರು ನಿಂತವರಿಗೆ ಗೊತ್ತಾಗುತ್ತದೆಯೇ ಎಂದು ನೋಡಿ ಹೇಳು. ನೋಡಿದ ಮೇಲೂ ಕಂಬ ಬೇಡವೆನ್ನಿಸಿದರೆ ಹಾಗೆಯೇ ಹೇಳು. ಭಾನುವಾರ ಫೋನಿನ ಹತ್ತಿರ ನಾನೇ ಕುಳಿತಿರುತ್ತೇನೆ, ನೀನು ಇಡುವವರೆಗೆ ಇಡುವುದಿಲ್ಲ.

ಕೂಸೇ, ಇನ್ನೊಂದು ವಿಷಯ. ಆ ದಿನ ನಾಲ್ಕು ಗಂಟೆಯ ಮೇಲೆ ಯಾರೋ ಹಿರಿಯ ಹೆಂಗಸೊಬ್ಬರು ನಿನ್ನನ್ನು ಮಾತನಾಡಿಸಿ, ಚಹಾ ಕುಡಿಸಿ, ನಿನ್ನ ಕೋಣೆಯ ಬಾಗಿಲವರೆಗೆ ಬಿಟ್ಟುಹೋದರಂತೆ. ಅವರ ವಿಳಾಸ ನಿನ್ನ ಬಳಿ ಇದ್ದರೆ ಕಳಿಸು. ಅಮ್ಮ ಹಲಸಿನ ಹಪ್ಪಳ ಕಟ್ಟಿಟ್ಟಿದ್ದಾಳೆ, ಜೊತೆಗೆ ನಾನು ನಾಲ್ಕು ಸಾಲು ಬರೆಯಬೇಕು.

ಇಂತಿ,
ನಿನ್ನ ಅಪ್ಪ