ಪೋಷಕರಿಗೆ ಪತ್ರ: ನಮ್ಮ ನಾಟಕದ ಮೇಷ್ಟ್ರ ನೆನಪಿನ ಪ್ರದರ್ಶನದ ಬಗ್ಗೆ

ಪ್ರಿಯ ಪೋಷಕರೇ,

ನಮಸ್ಕಾರ. ನಾಟಕದ ಮೇಷ್ಟ್ರು ತೀರಿಕೊಂಡ ದಿನ ಎರಡನೇ ಪೀರಿಯಡ್ ಮುಗಿದ ಮೇಲೆ ಶಾಲೆ ಬಿಟ್ಟೆವು. ನಿಮಗೆ ಮೆಸೇಜ್ ಬರುವ ಹೊತ್ತಿಗೆ ಮಕ್ಕಳು ಗೇಟು ದಾಟಿದ್ದರು. ಅದು ನಮ್ಮ ತಪ್ಪು, ಒಪ್ಪಿಕೊಳ್ಳುತ್ತೇನೆ. ಇನ್ನು ಹಾಗಾಗುವುದಿಲ್ಲ.

ಈಗ ಮುಖ್ಯ ವಿಷಯ. ಮೇಷ್ಟ್ರು ಅರ್ಧಕ್ಕೆ ಬಿಟ್ಟುಹೋದ ನಾಟಕವನ್ನು ಡಿಸೆಂಬರ್ ಮೂರನೇ ಶನಿವಾರ ಸಂಜೆ ಅವರ ನೆನಪಿನಲ್ಲಿ ಆಡಲು ತೀರ್ಮಾನಿಸಿದ್ದೇವೆ. ಪಾತ್ರ ಮಾಡುವವರಲ್ಲಿ ಹತ್ತನೇ ತರಗತಿಯವರೂ ಇದ್ದಾರೆ. ಇದಕ್ಕೆ ನಿಮ್ಮಲ್ಲಿ ಹಲವರು ಆಕ್ಷೇಪಿಸಿದ್ದೀರಿ. ಕೆಲವರು ನನ್ನ ಕೋಣೆಗೇ ಬಂದು ಹೇಳಿದಿರಿ, ಕೆಲವರು ಬರೆದುಕೊಟ್ಟಿರಿ. ಎಲ್ಲವನ್ನೂ ಓದಿದ್ದೇನೆ. "ಎಸ್ಸೆಸ್ಸೆಲ್ಸಿ ವರ್ಷದಲ್ಲಿ ನಾಟಕ ಯಾಕೆ ಮೇಡಂ?" ಅನ್ನುವುದು ಎಲ್ಲರ ಮಾತಿನ ತಿರುಳು.

625 ಅಂಕಗಳ ಚಿಂತೆ ನಿಮಗಿರುವಷ್ಟೇ ನನಗೂ ಇದೆ. ಅದಕ್ಕೇ ತಾಲೀಮು ಇಟ್ಟಿರುವುದು ಶನಿವಾರ ಮಾತ್ರ, ಬೆಳಗಿನ ಶಾಲೆ ಬಿಟ್ಟ ಮೇಲೆ, 12ರಿಂದ 2ರವರೆಗೆ. ಅದೂ ನಾಲ್ಕೇ ಶನಿವಾರ. ಗಣಿತ, ವಿಜ್ಞಾನದ ವಿಶೇಷ ತರಗತಿಗಳಲ್ಲಿ ಒಂದನ್ನೂ ಕಡಿಮೆ ಮಾಡಿಲ್ಲ. ಪೂರ್ವಸಿದ್ಧತಾ ಪರೀಕ್ಷೆ ಶುರುವಾಗುವುದು ನಾಟಕವೆಲ್ಲ ಮುಗಿದ ಮೇಲೆ.

ಒಬ್ಬರ ಪತ್ರದಲ್ಲಿ ಇನ್ನೊಂದು ಮಾತಿತ್ತು: "ಅವರು ನಿಮ್ಮ ಸ್ಟಾಫ್ ಕೂಡ ಅಲ್ಲವಲ್ಲ." ಓದಿ ಬೇಜಾರಾಯಿತು. ಹೌದು, ಹಾಜರಿ ಪುಸ್ತಕದಲ್ಲಿ ಅವರ ಹೆಸರಿಲ್ಲ. ಸಂಬಳ ಕೊಡಲು ಹೋದಾಗ ಮೂರು ಸಲ ಬೇಡವೆಂದರು. ಒಮ್ಮೆ ಶಾಲು ಹೊದಿಸಿದೆವು. ಮುಂದಿನ ವಾರ ನೋಡಿದರೆ ಅದೇ ಶಾಲು ಎಂಟನೇ ತರಗತಿಯವರ ನಾಟಕದ ರಾಜನ ಹೆಗಲ ಮೇಲಿತ್ತು.

ಅವರು ಕಾರ್ಖಾನೆ ಕಾರ್ಮಿಕರಾಗಿದ್ದವರು. ಐಟಿಐ, ಎಚ್‌ಎಎಲ್, ಎಚ್‌ಎಂಟಿ, ಬಿಇಎಲ್‌ನಂಥ ಕಾರ್ಖಾನೆಗಳ ಕನ್ನಡ ಸಂಘ, ಲಲಿತಕಲಾ ಸಂಘಗಳು ಈ ಊರಿನ ಹವ್ಯಾಸಿ ರಂಗಭೂಮಿಗೆ ಎಷ್ಟು ಜನರನ್ನು ಕೊಟ್ಟಿವೆ ಎಂಬುದು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರುತ್ತದೆ. ಮೇಷ್ಟ್ರು ಆ ಪೈಕಿ ಒಬ್ಬರು. 1972ರಲ್ಲಿ ಬಿ.ವಿ. ಕಾರಂತರು ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ನಾಟಕ ಆಡಿಸಿದಾಗ ಇವರಿನ್ನೂ ಹುಡುಗ. ಶಿಫ್ಟ್ ಮುಗಿಸಿ, ಕೈಯ ಗ್ರೀಸು ಪೂರ್ತಿ ಹೋಗಿರಲಿಲ್ಲ, ಹಾಗೇ ಹೋಗಿ ನೆಲದ ಮೇಲೆ ಕೂತು ನೋಡಿದೆ ಅನ್ನುತ್ತಿದ್ದರು. ಆಮೇಲೆ ಬಿಡಲಿಲ್ಲ. ಪಾತ್ರ ಮಾಡಿದರು, ಪಾತ್ರ ಸಿಗದಿದ್ದಾಗ ಲೈಟು ಹಿಡಿದರು, ಪರದೆ ಎಳೆದರು, ಎಷ್ಟೋ ತಂಡಗಳ ಹುಡುಗರಿಗೆ ಬಣ್ಣ ಹಚ್ಚಿದರು. ದೊಡ್ಡ ಹೆಸರು ಬರಲಿಲ್ಲ. ಅದನ್ನು ಅವರು ಕೇಳಿದವರೂ ಅಲ್ಲ.

ನಿವೃತ್ತಿಯಾದ ಮೇಲೆ ನಮ್ಮಲ್ಲಿಗೆ ಬಂದರು. ಬಣ್ಣದ ತಗಡಿನ ಡಬ್ಬಿ ತೆಗೆದರೆ ಇಡೀ ಸ್ಟಾಫ್ ರೂಮು ಕೊಬ್ಬರಿ ಎಣ್ಣೆ ವಾಸನೆ. ಮಗುವಿನ ಗಲ್ಲವನ್ನು ಎರಡೇ ಬೆರಳಲ್ಲಿ ಹಿಡಿದು ಹುಬ್ಬು ತೀಡುತ್ತಿದ್ದರು. ಎಂಥ ತುಂಟ ಹುಡುಗನೂ ಅಷ್ಟು ಹೊತ್ತು ಮಿಸುಕಾಡುತ್ತಿರಲಿಲ್ಲ. ವೇದಿಕೆ ಮೇಲೆ ಬರಲು ಒಲ್ಲೆ ಎಂದ ಹುಡುಗಿಯೊಬ್ಬಳನ್ನು ಒತ್ತಾಯ ಮಾಡಲಿಲ್ಲ, ಪರದೆಯ ಹಗ್ಗ ಅವಳ ಕೈಗೆ ಕೊಟ್ಟರು. ಮೂರು ವರ್ಷ ಹಗ್ಗ ಎಳೆದ ಆ ಹುಡುಗಿಗೆ ಎಲ್ಲರ ಮಾತೂ ಬಾಯಿಪಾಠ. ಈಗ ಹತ್ತನೇ ತರಗತಿಯಲ್ಲಿದ್ದಾಳೆ. ಈ ಸಲವೂ ಹಗ್ಗ ಅವಳದೇ.

ಒಮ್ಮೆ ಮಕ್ಕಳನ್ನು ಜೆ.ಪಿ. ನಗರದ ರಂಗಶಂಕರಕ್ಕೆ ಕರೆದುಕೊಂಡು ಹೊರಟೆವು. ನಾನು ಹಾಜರಿ ತೆಗೆದುಕೊಳ್ಳುವುದರಲ್ಲಿ ತಡಮಾಡಿದೆ, ಬಸ್ಸು ತಪ್ಪಿತು, ನಾವು ತಲುಪುವಷ್ಟರಲ್ಲಿ ನಾಟಕ ಶುರುವಾಗಿತ್ತು. ಅಲ್ಲಿ ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ. ನಾನು ಕೇಳಿನೋಡೋಣ ಅಂದೆ, ಮೇಷ್ಟ್ರು ಬೇಡ ಅಂದರು. ಎಲ್ಲರಿಗೂ ಅಕ್ಕಿರೊಟ್ಟಿ ಕೊಡಿಸಿ, 1990ರಲ್ಲಿ ಅಪಘಾತದಲ್ಲಿ ತೀರಿಕೊಂಡ ಶಂಕರ್ ನಾಗ್ ಅವರ ಕಥೆ ಹೇಳಿದರು. ಅವರ ಕನಸನ್ನು ಅರುಂಧತಿ ನಾಗ್ ಮತ್ತು ಗೆಳೆಯರು ಹಟ ಹಿಡಿದು 2004ರಲ್ಲಿ ರಂಗಮಂದಿರವಾಗಿ ನಿಲ್ಲಿಸಿದ್ದನ್ನು ಹೇಳಿ, "ಫೋಟೋಗೆ ಹಾರ ಹಾಕಿ ಸುಮ್ಮನಾಗಲಿಲ್ಲ ನೋಡ್ರಪ್ಪಾ, ದಿನಾ ನಾಟಕ ಆಡೋ ಜಾಗ ಕಟ್ಟಿದರು" ಅಂದರು. ಮೇಷ್ಟ್ರಿಗೆ ಶ್ರದ್ಧಾಂಜಲಿ ಸಭೆ ಮಾಡಿ ಮುಗಿಸಬಹುದಿತ್ತು, ಅರ್ಧ ಗಂಟೆಯ ಕೆಲಸ. ಆದರೆ ಮಾರನೇ ದಿನ ಮಕ್ಕಳೇ ಬಂದು "ನಾಟಕ ಆಡ್ತೀವಿ ಮಿಸ್" ಎಂದಾಗ ಈ ಮಾತೇ ಕಿವಿಯಲ್ಲಿತ್ತು.

ನಾಟಕ ನಮ್ಮ ಊರಿನ ಕೆರೆಗಳದು. ಒಬ್ಬೊಬ್ಬ ಮಗುವೂ ಒಂದೊಂದು ಕೆರೆ. ಧರ್ಮಾಂಬುಧಿ ಬಂದು ತನ್ನ ಅಂಗಳದಲ್ಲೀಗ ಮೆಜೆಸ್ಟಿಕ್ಕಿನ ಬಸ್ಸುಗಳು ನಿಂತಿವೆ ಅನ್ನುತ್ತದೆ. ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣದಲ್ಲಿ ತನ್ನನ್ನು ಹುಡುಕುತ್ತದೆ. ಅಕ್ಕಿತಿಮ್ಮನಹಳ್ಳಿ ಕೆರೆಗೆ ಹಾಕಿ ಆಟದ ಸದ್ದು ಕೇಳಿಸುತ್ತದೆ. ನಮ್ಮ ಪಕ್ಕದ ಕೆಂಪಾಂಬುಧಿ ಮಾತ್ರ ಇನ್ನೂ ಇದ್ದೇನೆ ಎಂದು ಕೊನೆಯಲ್ಲಿ ಬರುತ್ತದೆ. ಮಾತುಗಳೆಲ್ಲ ಮಕ್ಕಳು ಅಜ್ಜ ಅಜ್ಜಿಯರನ್ನು ಕೇಳಿ ಬರೆದದ್ದು, ಅಂದರೆ ಅರ್ಧ ನಿಮ್ಮ ಮನೆಯದೇ. ಕೊನೆಯ ತಾಲೀಮಿನ ದಿನ ಮೇಷ್ಟ್ರು ಒಂದು ನೀಲಿ ಸೀರೆಯ ಎರಡು ತುದಿ ಇಬ್ಬರು ಹುಡುಗರ ಕೈಗೆ ಕೊಟ್ಟು, "ನೀರು ಗಾಳಿಗೆ ಅಲ್ಲಾಡಬೇಕು, ನೀವು ಅಲ್ಲಾಡಿಸಿದ ಹಾಗೆ ಕಾಣಬಾರದು" ಎಂದು ಮತ್ತೆ ಮತ್ತೆ ಮಾಡಿಸಿದರು. ಅದು ಸರಿಹೋಗುವ ಮೊದಲೇ ಬೆಲ್ ಹೊಡೆಯಿತು. ಮುಂದಿನ ಶನಿವಾರ ನೋಡೋಣ ಎಂದು ಹೋದವರು ಮತ್ತೆ ಬರಲಿಲ್ಲ.

ಈ ಮಕ್ಕಳು ಆರನೇ ತರಗತಿಯಿಂದ ಅವರ ಕೈಯಲ್ಲಿ ಬೆಳೆದವರು. ಹತ್ತನೆಯವರನ್ನು ಬಿಟ್ಟು ಆಡಿಸಿ ಎಂದು ನೀವು ಸುಲಭವಾಗಿ ಹೇಳಬಹುದು, ನನಗೆ ಅದನ್ನು ಅವರ ಮುಖ ನೋಡಿ ಹೇಳಲು ಆಗುವುದಿಲ್ಲ. ತೀರಿಕೊಂಡವರ ವಿಷಯ ಎತ್ತಿದರೆ ಓದುವ ಮನಸ್ಸು ಕೆಡುತ್ತದೆ ಎಂದೂ ಕೆಲವರು ಹೇಳಿದಿರಿ. ನಾನು ಕಂಡದ್ದು ಬೇರೆ. ಮೊದಲ ವಾರ ತರಗತಿಯಲ್ಲಿ ಮಂಕಾಗಿ ಕೂರುತ್ತಿದ್ದವರು ತಾಲೀಮು ಮತ್ತೆ ಶುರು ಎಂದ ದಿನದಿಂದ ಹೋಂವರ್ಕ್ ಮುಗಿಸಿ ತರುತ್ತಿದ್ದಾರೆ.

ಆದರೂ ಒತ್ತಾಯವಿಲ್ಲ. ಮಗುವಿಗೆ ನಿಜವಾಗಿಯೂ ಕಷ್ಟವಾಗುತ್ತದೆ ಅನ್ನಿಸಿದರೆ ತಿಳಿಸಿ, ಪಾತ್ರ ಬೇರೆಯವರಿಗೆ ಕೊಡುತ್ತೇವೆ, ಯಾರೂ ಒಂದು ಮಾತು ಅನ್ನುವುದಿಲ್ಲ. ಯಾವುದೇ ಪರೀಕ್ಷೆಯಲ್ಲಿ ಯಾರಾದರೂ ಹಿಂದೆ ಬಿದ್ದರೆ ನಾನೇ ಕರೆದು ಕೂರಿಸಿಕೊಂಡು ಓದಿಸುತ್ತೇನೆ. ನಾಲ್ಕೇ ಶನಿವಾರ ಎಂದು ಮತ್ತೆ ಹೇಳುತ್ತಿದ್ದೇನೆ, ಐದನೆಯದನ್ನು ಕೇಳುವುದಿಲ್ಲ. ಆದರೆ ಪ್ರದರ್ಶನ ನಡೆಯುತ್ತದೆ, ಹತ್ತನೇ ತರಗತಿಯವರೂ ಇರುತ್ತಾರೆ. ಅದರಲ್ಲಿ ಬದಲಾವಣೆ ಇಲ್ಲ.

ತಾಲೀಮನ್ನು ಕನ್ನಡ ಮೇಡಂ ಜೊತೆ ಮೇಷ್ಟ್ರ ಹಳೆಯ ಶಿಷ್ಯರೊಬ್ಬರು ನೋಡಿಕೊಳ್ಳುತ್ತಾರೆ. ಮಧ್ಯಾಹ್ನದ ಊಟ ಶಾಲೆಯಲ್ಲೇ. ಪ್ರದರ್ಶನ ಸಂಜೆ 5ಕ್ಕೆ ಸರಿಯಾಗಿ ಶುರುವಾಗುತ್ತದೆ.

ಕೆಳಗಿನ ಒಪ್ಪಿಗೆ ಚೀಟಿಗೆ ಸಹಿ ಹಾಕಿ ಸೋಮವಾರ ಕಳಿಸಿಕೊಡಿ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ

ವಿ.ಸೂ.: ಮನೆಯಲ್ಲಿ ಉಡದೆ ಇಟ್ಟಿರುವ ನೀಲಿ ಸೀರೆ ಇದ್ದರೆ ಚೀಟಿಯ ಜೊತೆ ಕಳಿಸಿ. ಹರಿದಿದ್ದರೂ ಪರವಾಗಿಲ್ಲ. ಇನ್ನೂ ಆರು ಕೆರೆಗಳಿಗೆ ನೀರು ಬೇಕು.