ಪುಟ್ಟಿಗೆ, ಓಟಿನ ವಿಷಯ

ಪುಟ್ಟೀ,

ಮನೆ ಸುದ್ದಿ ಎಲ್ಲಾ ನಿಮ್ಮಮ್ಮ ಹೇಳೇ ಇರ್ತಾಳೆ, ಅದನ್ನ ಬಿಡ್ತೀನಿ. ನಿನ್ನ ಕಾಗದದ ಮೊದಲರ್ಧ ಓದ್ವಾಗ ನಗು ಬಂತು. ಆಫೀಸಲ್ಲಿ ಒಬ್ಬ ಜಾತಿ ನೋಡಿ ಹಾಕ್ತಾನೆ, ರೂಮ್‌ಮೇಟು ಅವರಪ್ಪ ಹೇಳಿದೋರಿಗೆ ಹಾಕ್ತಾಳೆ, ಇಂಥೋರಿಗೆಲ್ಲಾ ಓಟ್ ಯಾಕೆ, ಒಂದು ಪರೀಕ್ಷೆ ಇಟ್ಟು ಪಾಸಾದೋರಿಗೆ ಮಾತ್ರ ಕೊಡ್ಬೇಕು ಅಂತ ಬೈದಿದ್ದೀಯ. ಬೈಕೋ, ಈ ವಯಸ್ಸಲ್ಲಿ ಬೈಯದೆ ಇನ್ಯಾವಾಗ ಬೈತೀಯ. ಆದ್ರೆ ಕೊನೇಲಿ, ಸಹಿ ಹಾಕೋಕೆ ಮುಂಚೆ, ಚಿಕ್ಕ ಅಕ್ಷರದಲ್ಲಿ ಬರ್ದಿದ್ದೀಯಲ್ಲ, "ನಾನೂ ಒಬ್ಬ ಅಭ್ಯರ್ಥಿ ಭಾಷಣದ ವಿಡಿಯೋ ನೋಡಿ ಮೆಚ್ಕೊಂಡಿದ್ದಷ್ಟೇ ದೊಡ್ಡಮ್ಮ, ನಂಗೂ ಏನೂ ಗೊತ್ತಿಲ್ಲ, ಗೊತ್ತಿಲ್ದೆ ಹಾಕೋಕಿಂತ ಮನೇಲಿರೋದೇ ವಾಸಿ ಅಲ್ವಾ" ಅಂತ, ಅದು ಆವಾಗಿಂದ ನನ್ನ ತಲೆ ಬಿಟ್ಟು ಹೋಗ್ತಿಲ್ಲ.

ಬೇರೆಯೋರ್ನ ಬೈಯೋದು ನಂಗೇನೂ ಭಯ ಹುಟ್ಸಲ್ಲ. ನಂಗೇ ಗೊತ್ತಿಲ್ಲ ಅಂತ ಹಿಂದಕ್ಕೆ ಸರಿತೀಯಲ್ಲ, ಅದು ಭಯ. ಯಾಕಂದ್ರೆ ತಮಗೆ ಗೊತ್ತಿಲ್ಲ ಅನ್ನೋ ಅನುಮಾನ ಇರೋರೆಲ್ಲಾ ಮನೇಲಿ ಕೂತ್ಬಿಟ್ರೆ ಬೂತಿಗೆ ಹೋಗೋರು ಯಾರು ಹೇಳು, ಎಲ್ಲಾ ತಿಳ್ದಿದೆ ಅಂದ್ಕೊಂಡಿರೋರು ಮಾತ್ರ.

ಮೇಷ್ಟ್ರುಗಳಾಗಿದ್ದೋರ ಹಣೆಬರಹ, ನಾನೂ ಎಷ್ಟೋ ಚುನಾವಣೇಲಿ ಡ್ಯೂಟಿ ಮಾಡಿದ್ದೀನಿ, ಶಾಯಿ ಬಾಟ್ಲು ಇಟ್ಕೊಂಡು ಎಡಗೈ ತೋರುಬೆರಳಿಗೆ ಗೆರೆ ಎಳ್ಯೋ ಕೆಲಸ. ಒಂದು ಸಲ ಒಬ್ಬ ಬಂದ, ಇಸ್ತ್ರಿ ಶರಟು, ಒಳ್ಳೆ ಕೆಲಸದಲ್ಲಿರೋನ ಥರ ಇದ್ದ, ಬೆರಳು ಚಾಚ್ಕೊಂಡೇ ಮೆಲ್ಲಗೆ ಕೇಳ್ದ, "ಮೇಡಂ, ಇವತ್ತಿಂದು ಎಂಎಲ್‌ಎದಾ ಎಂಪಿದಾ?" ಅವನ ಹಿಂದಿದ್ದ ಹೆಬ್ಬೆಟ್ಟಿನ ಮುದುಕಿ ತಟ್ಟಂತ ಉತ್ತರ ಹೇಳಿದ್ಲು. ಅವಳು ಯಾರಿಗೆ ಹಾಕಿದ್ಲೋ, ಸರಿಯಾದೋರಿಗೇ ಹಾಕಿದ್ಲೋ ನಂಗೇನು ಗೊತ್ತು, ಅವಳು ಜಾಣೆ ಅವನು ದಡ್ಡ ಅಂತ ಸಾಧಿಸೋಕೆ ಇದನ್ನ ಹೇಳ್ತಿಲ್ಲ. ನೀನು ಹೇಳೋ ಪರೀಕ್ಷೆ ಇಟ್ಟಿದ್ರೆ ಪೆನ್ನು ಹಿಡಿಯೋಕೆ ಬರೋನು ಅವನೇ, ಪಾಸಾಗ್ತಿದ್ದೋನೂ ಅವನೇ. ಅಷ್ಟೇ.

ಪರೀಕ್ಷೆ ಇಟ್ಟೂ ನೋಡಿದ್ದಾರೆ ಪುಟ್ಟಿ. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಓಟರ್ ಲಿಸ್ಟಿಗೆ ಸೇರೋಕೆ ಓದು ಬರಹದ ಪರೀಕ್ಷೆ ಇಡ್ತಿದ್ರು, ಕಪ್ಪು ಜನ ಬಂದ್ರೆ ಕಷ್ಟದ ಪ್ರಶ್ನೆ ಕೇಳಿ ಫೇಲ್ ಮಾಡಿ ಕಳ್ಸೋದು, ಬಿಳಿಯರಿಗೆ ಬೇರೇನೇ ಲೆಕ್ಕ. 1965ರ ಕಾನೂನು ಬಂದ್ಮೇಲೆ ಅದು ನಿಂತಿದ್ದು. ಪ್ರಶ್ನೆಪತ್ರಿಕೆ ತೆಗ್ಯೋರ ಕೈಯಲ್ಲೇ ಎಲ್ಲಾ ಇರತ್ತೆ, ಜೀವನಪೂರ್ತಿ ಪ್ರಶ್ನೆಪತ್ರಿಕೆ ತೆಗ್ದೋಳು ಹೇಳ್ತಿದ್ದೀನಿ. ನಮ್ಮಲ್ಲಿ ಮೊದಲ್ನೇ ಚುನಾವಣೆ ಆದಾಗ, 1951-52ರಲ್ಲಿ, ನೂರಕ್ಕೆ 18 ಜನಕ್ಕೆ ಮಾತ್ರ ಓದು ಬರಹ. ಅದಕ್ಕೇ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆ ಬೇರೆ ಪೆಟ್ಟಿಗೆ ಇಟ್ಟು ಮೇಲೆ ಚಿಹ್ನೆ ಅಂಟ್ಸಿದ್ರು. ಅಷ್ಟು ಮಾಡಿದ್ರೂ ಸುಮಾರು 28 ಲಕ್ಷ ಹೆಂಗಸರ ಹೆಸರು ಪಟ್ಟಿಯಿಂದ ಹೋಯ್ತು. ಇಂಥವರ ಹೆಂಡ್ತಿ, ಇಂಥವರ ತಾಯಿ ಅಂತ ಬರ್ಸಿದ್ರೇ ಹೊರತು ಸ್ವಂತ ಹೆಸರು ಹೇಳ್ಲಿಲ್ಲ ಅಂತ.

ಇದು ಬರೀತಾ ನಿಮ್ಮಜ್ಜಿ ನೆನಪಾದ್ಲು. ಮನೇಲೆಲ್ಲಾ ಏನು ಹೇಳ್ತಿದ್ರು, ಅವಳು ಅಪ್ಪ ಹೇಳಿದ ಕಡೆ ಮುದ್ರೆ ಒತ್ತಿ ಬರ್ತಾಳೆ ಅಂತ ತಾನೇ. ಒಂದು ಸಲ ನಾನೇ ಜೊತೇಲಿ ಹೋಗಿದ್ದೆ, ವಾಪಸ್ ಬರ್ತಾ ದಾರೀಲಿ ತನ್ನಷ್ಟಕ್ಕೆ ತಾನೇ ಅಂದ್ಲು, "ಅವನು ಎದುರಿಗೆ ನಿಂತೋರ ಮುಖ ನೋಡಿ ಮಾತಾಡಲ್ಲ ಕಣೇ, ನಂಗೆ ಆಗ್ಲಿಲ್ಲ." ಅಪ್ಪ ಹೇಳಿದ್ದು ಅವನಿಗೇನೇ! ಬಿಸಿಲು ಜೋರಿತ್ತು, ಬೇಗ ಬೇಗ ನಡಿ ಅಂದೆ, ಮಾತು ಅಲ್ಲಿಗೇ ನಿಂತೋಯ್ತು. ಮತ್ಯಾರಿಗೆ ಹಾಕ್ದೆ, ಯಾಕೆ, ಇಷ್ಟು ವರ್ಷ ಏನೇನು ನೋಡಿ ಹಾಕ್ತಿದ್ದೆ ಅಂತ ಆಮೇಲೆ ಯಾವತ್ತೂ ಕೂತು ಕೇಳ್ಲೇ ಇಲ್ಲ, ಈಗ ಕೇಳೋಣ ಅಂದ್ರೆ ಅವಳಿಲ್ಲ. ಅದೊಂದು ಕೊರಗು ಹಾಗೇ ಉಳ್ಕೊಂಡಿದೆ. ಮುಖ ನೋಡಿ ಮಾತಾಡಲ್ಲ ಅನ್ನೋದು ಒಂದು ಕಾರಣಾನಾ ಅಂತ ನೀನು ಕೇಳ್ಬಹುದು. ಗೊತ್ತಿಲ್ಲ ಪುಟ್ಟಿ. ಆದ್ರೆ ನಿನ್ನ ವಿಡಿಯೋಗಿಂತ ಕಡೆ ಅಂತೂ ಅಲ್ಲ, ಅವಳು ಅವನನ್ನ ಎದುರಿಗೇ ನೋಡಿದ್ಲು.

ಮುಖ ನೋಡಿ ಮರುಳಾಗೋದು ನಿನ್ನೊಬ್ಬಳ ಕಾಯಿಲೆ ಏನಲ್ಲ. ಸ್ವಿಟ್ಜರ್ಲೆಂಡಿನ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ಫ್ರಾನ್ಸಿನ ಚುನಾವಣೇಲಿ ಗೆದ್ದೋರು ಸೋತೋರು ಇಬ್ರ ಫೋಟೋನೂ ಸ್ವಿಟ್ಜರ್ಲೆಂಡಿನ ಚಿಕ್ಕ ಮಕ್ಕಳಿಗೆ ತೋರ್ಸಿ, ಇವರಲ್ಲಿ ನಿಮ್ಮ ದೋಣಿಗೆ ಕ್ಯಾಪ್ಟನ್ ಯಾರಾಗ್ಲಿ ಅಂತ ಕೇಳಿದ್ರು. ನೂರಕ್ಕೆ ಸುಮಾರು 70 ಸಲ ಮಕ್ಕಳು ಬೆರಳು ತೋರ್ಸಿದ್ದು ಗೆದ್ದೋರ ಕಡೆಗೇ. ಫ್ರಾನ್ಸಿನ ಓದಿದ ದೊಡ್ಡೋರು ಪೇಪರು ಟೀವಿ ಚರ್ಚೆ ಎಲ್ಲಾ ಮುಗ್ಸಿ ಬಂದು ನಿಂತ ಜಾಗಕ್ಕೆ ಆ ಮಕ್ಕಳು ಬರೀ ಫೋಟೋ ನೋಡಿ ಬಂದಿದ್ವು. ಹಂಗಂತ ಅವರು ಯಾರೂ ಓಟ್ ಹಾಕೋದು ಬಿಟ್ಟಿಲ್ಲ. ನಿಂಗೆ ನಿನ್ನ ಮೇಲೆ ಅನುಮಾನ ಬಂತಲ್ಲ, ಅದೇ ನಂಗೆ ಸಮಾಧಾನ, ಆದ್ರೆ ಆ ಅನುಮಾನ ತಗೊಂಡು ಮನೇಲಿ ಕೂರ್ತೀನಿ ಅಂತೀಯಲ್ಲ, ಅಲ್ಲಿಗೆ ಮತ್ತೆ ಸಂಕಟ ಶುರುವಾಗತ್ತೆ.

ಸರಿಯಾಗಿ ಹಾಕೋದು ಅಂದ್ರೇನು ಅಂತಾನೂ ನಂಗೆ ಇನ್ನೂ ತಿಳ್ದಿಲ್ಲ ಅನ್ನು. 1977ರಲ್ಲಿ ಉತ್ತರದ ಜನ ತುರ್ತು ಪರಿಸ್ಥಿತಿ ಮಾಡಿದ ಸರ್ಕಾರನೇ ಕಿತ್ತು ಹಾಕಿದ್ರು, ಇಂದಿರಾ ಗಾಂಧಿನೇ ರಾಯ್‌ಬರೇಲಿಲಿ ಸೋತ್ರು, ಅವರಲ್ಲಿ ಎಷ್ಟೋ ಜನಕ್ಕೆ ಸಹಿ ಹಾಕೋಕೂ ಬರ್ತಿರ್ಲಿಲ್ಲ. ಅದೇ ಚುನಾವಣೇಲಿ ನಮ್ಮ ಕರ್ನಾಟಕದಲ್ಲಿ 28ಕ್ಕೆ 26 ಸೀಟು ಕಾಂಗ್ರೆಸ್ಸಿಗೇ ಬಂತು. ಯಾರು ತಿಳ್ಕೊಂಡು ಹಾಕಿದ್ರು, ಯಾರು ತಿಳೀದೆ ಹಾಕಿದ್ರು? ಸ್ಟಾಫ್ ರೂಮಲ್ಲಿ ಇದ್ರ ಮೇಲೆ ಎಷ್ಟೋ ಜಗಳ ಕೇಳಿದ್ದೀನಿ, ಒಂದೂ ಬಗೆಹರೀಲಿಲ್ಲ.

ಉಪದೇಶ ಮಾಡೋಕೆ ನಂಗೆ ಬರಲ್ಲ, ಹೇಳಿದ್ರೂ ನೀನು ಕೇಳೋಳಲ್ಲ. ಆದ್ರೂ ಒಂದು, ಅಭ್ಯರ್ಥಿಗಳ ಅಫಿಡವಿಟ್ ಇರತ್ತಲ್ಲ, ಕೇಸು ಎಷ್ಟಿದೆ, ಆಸ್ತಿ ಎಷ್ಟು, ಏನು ಓದಿದ್ದಾರೆ ಅಂತ, ಚುನಾವಣಾ ಆಯೋಗದ ವೆಬ್‌ಸೈಟಲ್ಲೇ ಸಿಗತ್ತೆ, ಪ್ರಣಾಳಿಕೆಗಿಂತ ಓದೋಕೆ ಅದು ಮಜವಾಗಿರತ್ತೆ. ಎಲ್ಲಾರ್ದೂ ಬೇಡ, ನಿನ್ನ ಆ ವಿಡಿಯೋದೋನ್ದು, ಅವನೆದುರು ನಿಂತೋನ್ದು, ಇಷ್ಟು ನೋಡು ಸಾಕು. ನೋಡಿದ್ಮೇಲೂ ಅವನೇ ಇಷ್ಟ ಆದ್ರೆ ಅವನಿಗೇ ಹಾಕು, ನಾನೇನೂ ಅನ್ನಲ್ಲ. ಯಾರೂ ಬೇಡ ಅನ್ಸಿದ್ರೆ ನೋಟಾ ಇದೆ, ನಂಗೇನೂ ಅದು ಅಷ್ಟು ಇಷ್ಟ ಇಲ್ಲ, ಆದ್ರೂ ಹೋಗಿ ಒತ್ತಿ ಬಾ. ಒಂದು ಓಟಿಂದ ಏನಾಗತ್ತೆ ಅಂತ ಮಾತ್ರ ಹೇಳ್ಬೇಡ, 2004ರಲ್ಲಿ ನಮ್ಮ ಸಂತೇಮರಹಳ್ಳಿ ಕ್ಷೇತ್ರದಲ್ಲೇ ಧ್ರುವನಾರಾಯಣ ಗೆದ್ದಿದ್ದು ಒಂದೇ ಒಂದು ಓಟಿಂದ.

ರೂಮ್‌ಮೇಟ್ ಹತ್ರ ಜಗಳ ಆಡ್ಬೇಡ. ಅವರಪ್ಪ ಹೇಳಿದ್ರು ಅಂತ ಬಾಯಲ್ಲಿ ಹೇಳ್ತಿರ್ಬಹುದು, ಒಳಗೆ ಹೋಗಿ ಏನು ಒತ್ತುತ್ತಾಳೆ ನಿಂಗೇನು ಗೊತ್ತು.

ಆಮೇಲೆ ನೀನು ಮನೆ ಬದಲಾಯ್ಸಿದ್ದೀಯ, ಹೆಸರು ಇನ್ನೂ ಹಳೇ ಅಡ್ರೆಸ್ಸಲ್ಲೇ ಇರತ್ತೆ. ಫಾರಂ 8 ಅಂತಿದೆ, ಆನ್‌ಲೈನಲ್ಲೇ ತುಂಬಬಹುದು, ಈ ವಾರಾನೇ ಮಾಡು. ಲಾಸ್ಟ್ ಡೇಟ್ ಮುಗಿದ್ಮೇಲೆ ನಂಗೆ ಫೋನ್ ಮಾಡಿ ಗೋಳಾಡ್ಬೇಡ.

ನಿನ್ನ
ದೊಡ್ಡಮ್ಮ